ಹೆಸರು ಹೇಳಬಾರದ ಎಲೆ

ಜೂನ್ 30, 2024, ಭಾನುವಾರ

ಬ್ಯಾಂಕಿನವರು ಜನವರಿಯಲ್ಲಿ ಕೊಟ್ಟ ಡೈರಿ. ಅರ್ಧ ವರ್ಷ ಟಿ.ವಿ.ಯ ಕೆಳಗೆ ಬಿದ್ದಿತ್ತು. ಇವತ್ತು ಧೂಳು ಒರೆಸಿ ಕುಳಿತಿದ್ದೇನೆ, ಏಕೆಂದರೆ ಇವತ್ತು ಒಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಫೆಬ್ರವರಿಯಲ್ಲಿ ಮನೆಯವಳು ತೀರಿಹೋದ ಮೇಲೆ ಈ ಮನೆಯ ಬೆಲ್ ಒತ್ತುವವರು ಹಾಲಿನವನು ಮತ್ತು ಸೊಸೈಟಿಯ ಮೇಂಟೆನೆನ್ಸ್ ಚೀಟಿ ತರುವವನು, ಅಷ್ಟೇ. ಮಗಳು ಶ್ರೀಪ್ರಿಯಾ ವಾಶಿಯಿಂದ ಬರುತ್ತಾಳೆ, ಆದರೆ ಅವಳ ಹತ್ತಿರ ಬೀಗದ ಕೈ ಇದೆ. ಆ್ಯಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್, ತಾನಿನ್ನೂ ಇದ್ದೇನೆಂದು ಮನುಷ್ಯನಿಗೆ ತಿಳಿಯಬೇಕಾದರೆ ಬೆಲ್ ಆಗಬೇಕು. ಇಂಗ್ಲಿಷಿನಲ್ಲಿ ಇದಕ್ಕೊಂದು ಒಳ್ಳೆಯ ಮಾತಿತ್ತು, ಬಿ.ಎ.ಯಲ್ಲಿ ಓದಿದ್ದು. ಮೊದಲ ಎರಡು ಶಬ್ದ ನಾಲಿಗೆಯ ತುದಿಯವರೆಗೆ ಬಂದು ವಾಪಸ್ಸು ಹೋಯಿತು.

ಬಂದವನು ಎರಡನೇ ಮಾಳಿಗೆಯ ಕಶ್ಯಪ. ಉಡುಪಿ ಕಡೆಯ ಹುಡುಗನೇ, ಠಾಣೆಯಲ್ಲಿ ಆಫೀಸು. ಕಣ್ಣು ಅರಸಿನ ಹಚ್ಚಿದ ಹಾಗೆ.

"ರಾಯರೇ, ವಾರಿಜಾ ಆಂಟಿ ಕಾಮಾಲೆಗೆ ಮದ್ದು ಕೊಡ್ತಿದ್ರಲ್ಲ. ಅದು ನಿಮಗೆ ಗೊತ್ತುಂಟಾ?"

ನಮ್ಮ ಮನೆಯವಳು ಈ ಡೊಂಬಿವಲಿಯಲ್ಲಿ ಮೂವತ್ತು ವರ್ಷ ಕಾಮಾಲೆಗೆ ಎಲೆ ಅರೆದು ಕೊಟ್ಟವಳು. ಕಿಟಕಿಯ ಗ್ರಿಲ್ಲಿನಲ್ಲಿ ಹಳೇ ಎಣ್ಣೆ ಡಬ್ಬ, ಪೇಂಟಿನ ಬಕೆಟ್ಟು, ಅದರಲ್ಲೆಲ್ಲ ಅವಳ ಸೊಪ್ಪುಗಳು. ಅಮೃತಬಳ್ಳಿ ನನಗೆ ಗೊತ್ತು, ಹೃದಯದ ಆಕಾರದ ಎಲೆ, ಗ್ರಿಲ್ಲು ಹಿಡಿದು ಮೇಲಿನ ಮನೆಯವರ ಬಟ್ಟೆ ಒಣಗಿಸುವ ಹಗ್ಗದವರೆಗೆ ಹೋಗಿ ಜಗಳ ತಂದಿತ್ತು. ಕಾಮಾಲೆಯ ಎಲೆ ಅದಲ್ಲ, ಬೇರೆ. ಅದಕ್ಕೆ ನಿಯಮಗಳಿವೆ. ಬೆಳಕು ಹರಿಯುವ ಮೊದಲು ಮಾತಾಡದೆ ಕೊಯ್ಯಬೇಕು. ದುಡ್ಡು ಮುಟ್ಟಬಾರದು. ಎಲ್ಲಕ್ಕಿಂತ ಮುಖ್ಯ, ಎಲೆಯ ಹೆಸರು ಹೇಳಬಾರದು. ಹೇಳಿದರೆ ಮದ್ದು ಹಿಡಿಯುವುದಿಲ್ಲ. ಕುಡಿದವರು ಉಪ್ಪು, ಹುಳಿ, ಎಣ್ಣೆ, ಮೀನು ಬಿಟ್ಟು ಕುಚ್ಚಲಕ್ಕಿ ಗಂಜಿಯಲ್ಲಿರಬೇಕು. ಇದನ್ನೆಲ್ಲ ನಾನು ಹಂಬಗ್ ಎನ್ನುತ್ತಿದ್ದೆ. ಅವಳು ಕೊಯ್ಯುವ ಹೊತ್ತಿಗೆ ನಾನು ಗೊರಕೆ ಹೊಡೆಯುತ್ತಿದ್ದೆ.

ಕಶ್ಯಪನಿಗೆ ಗೊತ್ತಿಲ್ಲ ಎನ್ನಬೇಕೆಂದೇ ಬಾಯಿ ತೆರೆದೆ. ಬಂದ ಮಾತು: "ಗೊತ್ತಿಲ್ಲದೆ ಎಂತ? ಅಷ್ಟು ವರ್ಷ ನೋಡಿದವನಲ್ಲವಾ ನಾನು?"

ಎಲೆಯ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ನಿಯಮ ಎಂದರೆ ನಿಯಮ.

ಜುಲೈ 1, ಸೋಮವಾರ

ಕತ್ತಲಿರುವಾಗಲೇ ಎದ್ದೆ. ಡಬ್ಬಗಳಲ್ಲಿ ಸಣ್ಣ ಸಣ್ಣ ಎಲೆಯ ಗಿಡ ಎರಡು ತರದ್ದು. ಒಂದು ನೆಟ್ಟಗೆ ನಿಂತಿದೆ, ಇನ್ನೊಂದು ಮಣ್ಣಿನ ಮೇಲೆ ಹರಡಿದೆ. ಮಳೆಗೆ ಎರಡೂ ಸೊಕ್ಕಿವೆ. ನೋಡಿದರೆ ಅಣ್ಣತಮ್ಮಂದಿರ ಹಾಗೆ. ಕೊನೆಗೆ ಎರಡರಿಂದಲೂ ಸ್ವಲ್ಪ ಸ್ವಲ್ಪ ಕಿತ್ತೆ. ಹರಡಿದ್ದೇ ಜಾಸ್ತಿ, ಅದು ಹೆಚ್ಚು ಹಸಿರಾಗಿತ್ತು. ಮಜ್ಜಿಗೆಯಲ್ಲಿ ಅರೆದೆ.

ಕಶ್ಯಪ ಮೂಗು ಹಿಡಿದುಕೊಂಡು ಕುಡಿದ. "ಎಂತ ಎಲೆ ರಾಯರೇ ಇದು, ಇಷ್ಟು ಕಹಿ?"

"ಕೇಳಬಾರದು."

ಈ ಒಂದು ಶಬ್ದ ಹೇಳುವಾಗ ಇಷ್ಟು ಸುಖ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಜುಲೈ 14, ಭಾನುವಾರ

ಕಶ್ಯಪನ ಕಣ್ಣು ಬೆಳ್ಳಗಾಗಿದೆ. ಅವನು ಡಾಕ್ಟರರ ಹತ್ತಿರವೂ ಹೋಗುತ್ತಿದ್ದ, ರಕ್ತ ಪರೀಕ್ಷೆ ಮಾಡಿಸಿದ್ದ, ರೆಸ್ಟ್ ತೆಗೆದುಕೊಂಡರೆ ತಾನಾಗಿಯೇ ಇಳಿಯುತ್ತದೆಂದು ಅವರು ಹೇಳಿದ್ದರು ಎಂಬುದು ನಿಜ. ನಾಟ್‌ವಿತ್‌ಸ್ಟ್ಯಾಂಡಿಂಗ್, ಅವನು ಎಲ್ಲರಿಗೂ ಹೇಳುತ್ತಿರುವುದು ರಾಯರ ಕೈಗುಣ ಎಂದೇ. ನಿನ್ನೆ ಕನ್ನಡ ಸಂಘದ ಭಜನೆಯಲ್ಲಿ ಅಧ್ಯಕ್ಷ ಮಾಪಣ್ಣ ನನ್ನನ್ನು ಕೈಹಿಡಿದು ಮುಂದಿನ ಸಾಲಿಗೆ ಕರೆದುಕೊಂಡು ಹೋದ. ಇಪ್ಪತ್ತು ವರ್ಷದಿಂದ ನಾನು ಕೂರುತ್ತಿದ್ದುದು ಚಪ್ಪಲಿ ಸ್ಟ್ಯಾಂಡಿನ ಪಕ್ಕ. ಅಲ್ಲಿ ಲಿವರಿನ ವಿಷಯ ಸ್ವಲ್ಪ ಮಾತಾಡಿದೆ. ಗರುಗ, ನೆಲಬೇವು, ಕೊಮ್ಮೆ ಎಂದು ಕೆಲವು ಹೆಸರುಗಳನ್ನು ತೇಲಿಬಿಟ್ಟೆ. ಮೊಬೈಲಿನಲ್ಲಿ ನೋಡಿದ್ದು. ಜನ ತಲೆದೂಗಿದರು.

ಇವತ್ತು ಶ್ರೀಪ್ರಿಯಾ ಬಂದಿದ್ದಳು. ಚಪ್ಪಲಿ ಕಳಚುವ ಮೊದಲೇ ಶುರು.

"ಅಪ್ಪಾ, ಎಂತ ಕೇಳ್ತಾ ಇದ್ದೇನೆ ನಾನು? ನಿಮಗೆ ಅಮ್ಮನ ಮದ್ದು ಗೊತ್ತುಂಟಾ?"

"ಅಷ್ಟು ವರ್ಷ…"

"ಅಷ್ಟು ವರ್ಷ ನೀವು ಪೇಪರ್ ಓದ್ತಿದ್ರಿ. ಕೊತ್ತಂಬರಿ ತನ್ನಿ ಅಂದ್ರೆ ಮೆಂತೆ ತರುವವರು ನೀವು."

"ಅದು ಬೇರೆ."

"ಸರಿ, ಯಾವ ಎಲೆ ಹೇಳಿ."

"ಹೆಸರು ಹೇಳಬಾರದು ಅಂತ ನಿನ್ನಮ್ಮನೇ ಹೇಳಿದ್ದು ಮರೆತಿಯಾ?"

ಅವಳು ನನ್ನನ್ನೇ ನೋಡಿದಳು. ಆಮೇಲೆ ಫ್ರಿಜ್ಜು ತೊಳೆಯಲು ಹೋದಳು. ಸಿಟ್ಟು ಬಂದಾಗ ಅವಳ ತಾಯಿಯೂ ಫ್ರಿಜ್ಜೇ ತೊಳೆಯುತ್ತಿದ್ದಳು.

ಜುಲೈ 17, ಬುಧವಾರ, ಏಕಾದಶಿ

ದಿವಾದಿಂದ ಮುಂಡಪ್ಪ, ಜಲಜಾಕ್ಷಿ ಬಂದಿದ್ದರು. ಮುಂಡಪ್ಪನದು ದಿವಾ ಸ್ಟೇಶನ್ನಿನ ಹತ್ತಿರ ಸಣ್ಣ ಹೋಟೆಲು, ಇಡ್ಲಿ, ಬನ್ಸು, ಚಹಾ. ಮೊದಲು ವಾಶಿಯ ಮಾರ್ಕೆಟ್ಟಿನ ಕ್ಯಾಂಟೀನಿನಲ್ಲಿ ದೋಸೆ ಹೊಯ್ಯುತ್ತಿದ್ದವನು. ಜಲಜಾಕ್ಷಿಗೆ ನಮ್ಮ ಮನೆಯವಳೆಂದರೆ ಒಡಹುಟ್ಟಿದ ಅಕ್ಕನ ಹಾಗೆ. ಅವಳ ಮಗ ಅಕ್ಷಿತ್‌ಗೆ ಚಿಕ್ಕಂದಿನಲ್ಲಿ ಕಾಮಾಲೆಯಾದಾಗ ಇಲ್ಲಿಂದಲೇ ಮದ್ದು ಹೋಗಿತ್ತು.

ಮುಂಡಪ್ಪನ ಮೈಯೆಲ್ಲ ಹಳದಿ. ತುರಿಕೆ. ಉಂಡ ಮೇಲೆ ಬಲಗಡೆ ಪಕ್ಕೆಲುಬಿನ ಅಡಿಯಲ್ಲಿ ಹಿಡಿದು ತಿರುಚಿದ ಹಾಗೆ ನೋವಂತೆ.

"ಸ್ಟೇಶನ್ ಹತ್ರದ ಡಾಕ್ಟ್ರು ಸೋನೋಗ್ರಫಿ ಮಾಡಿಸಿ ಅಂದ್ರು ರಾಯರೇ, ಠಾಣೆಗೆ ಹೋಗಿ," ಎಂದಳು ಜಲಜಾಕ್ಷಿ. "ಇವ್ರು ಕೇಳ್ಬೇಕಲ್ಲ. ವಾರಿಜಕ್ಕನ ಮದ್ದು ಸಾಕು ಅಂತಾರೆ. ಎರಡೂ ಮಾಡುವುದಾ?"

ಎರಡೂ ಮಾಡಿ ಎನ್ನಬಹುದಿತ್ತು. ನಾನು ಕಣ್ಣು ಮುಚ್ಚಿ ತೆರೆದು ಹೇಳಿದೆ: "ಮದ್ದಿನ ಮಧ್ಯೆ ಮಿಷನ್ನು ಬೇಡ. ಇದು ಮುಗಿಯಲಿ, ಆಮೇಲೆ ನೋಡುವ."

ಇಂಥ ನಿಯಮ ಮನೆಯವಳದ್ದಿತ್ತೋ ಇಲ್ಲವೋ ನೆನಪಿಲ್ಲ. ಹೇಳುವಾಗ ಮಾತ್ರ ಗಂಭೀರವಾಗಿ ಕೇಳಿಸಿತು. ಮುಂಡಪ್ಪನಿಗೆ ಖುಷಿಯಾಯಿತು, ಆಸ್ಪತ್ರೆ ತಪ್ಪಿತಲ್ಲ.

ಪಥ್ಯ ಹೇಳಿದಾಗ ಖುಷಿ ಇಳಿಯಿತು. "ಉಪ್ಪಿಲ್ಲದ ಗಂಜಿಯಾ? ಅದಕ್ಕಿಂತ ಕಾಮಾಲೆಯೇ ವಾಸಿ ಮಾರಾಯ್ರೆ. ನಾನು ಹೋಟ್ಲಿನವನು, ನನ್ನ ಮರ್ಯಾದೆ ಉಂಟಲ್ಲ."

"ನಾಲಿಗೆಗೆ ಮರ್ಯಾದೆ ಬೇಡ, ಲಿವರಿಗೆ ಬೇಕು," ಎಂದೆ. ಮೂವರೂ ನಕ್ಕೆವು. ಬಹಳ ದಿನಗಳ ಮೇಲೆ ಈ ಮನೆಯಲ್ಲಿ ಮೂರು ಜನ ಒಟ್ಟಿಗೆ ನಕ್ಕದ್ದು.

ಎರಡು ದಿನಕ್ಕಾಗುವಷ್ಟು ಸೊಪ್ಪು ಕಾಗದದಲ್ಲಿ ಕಟ್ಟಿ, ಹೇಗೆ ಅರೆಯಬೇಕೆಂದು ಹೇಳಿ ಕಳಿಸಿದೆ.

ಜುಲೈ 20, ಶನಿವಾರ

ಜಲಜಾಕ್ಷಿಯ ಫೋನು. ಹಳದಿ ಇಳಿದಿಲ್ಲ, ಹೆಚ್ಚಾಗಿದೆ. ವಾಂತಿ. ಸಂಜೆಯಾದರೆ ಚಳಿ ಹಿಡಿದು ಹಲ್ಲು ಕಡಿಯುತ್ತಾನಂತೆ, ಎರಡು ಕಂಬಳಿ ಹೊದೆಸಿದರೂ ನಿಲ್ಲುವುದಿಲ್ಲವಂತೆ.

"ವಿಷ ಹೊರಗೆ ಬರುವಾಗ ಹಾಗೆಯೇ," ಎಂದೆ. ಇದನ್ನು ಎಲ್ಲಿ ಕೇಳಿದ್ದೆನೋ. "ಪಥ್ಯ ಸರಿಯಾಗಿ ಮಾಡ್ತಾ ಇದ್ದೀರಲ್ಲ?"

ಆ ಕಡೆ ಯಾವುದೋ ಪಾತ್ರೆ ಸರಿಸಿದ ಸದ್ದು. ಆಮೇಲೆ "ಹ್ಞಾಂ" ಎಂದಳು.

ಭಜನೆಗೆ ಹೋಗಿ ಬಂದೆ. ತಾಳ ಕೈತಪ್ಪಿತು.

ಜುಲೈ 22, ಸೋಮವಾರ

ಅಕ್ಷಿತ್ ಫೋನ್ ಮಾಡಿದ್ದ. ಠಾಣೆಯ ಮಾಲಿನಲ್ಲಿ ಕೆಲಸ ಮಾಡುವ ಹುಡುಗ, ಕನ್ನಡ ಅರ್ಥವಾಗುತ್ತದೆ, ಮಾತು ಹಿಂದಿ. "ಅಂಕಲ್, ಪಪ್ಪಾ ಕೋ ಅಡ್ಮಿಟ್ ಕಿಯಾ. ಕಳವಾ ಮೇ. ಆಪ್ ಆಯಿಯೇ, ಡಾಕ್ಟರ್ ಪೂಛ್ ರಹೇ ಹೈಂ."

ಅಪ್ಪನನ್ನು ಕಳವಾದ ಆಸ್ಪತ್ರೆಗೆ ಸೇರಿಸಿದ್ದಾರೆ, ಡಾಕ್ಟರು ಕೇಳುತ್ತಿದ್ದಾರೆ, ಬನ್ನಿ ಎಂದು. ಏನು ಕೇಳುತ್ತಿದ್ದಾರೆಂದು ನಾನು ವಿಚಾರಿಸಲಿಲ್ಲ.

ಜುಲೈ 23, ಮಂಗಳವಾರ

ಇವತ್ತಿನದನ್ನು ಬರೆಯದಿದ್ದರೆ ಒಳ್ಳೆಯದಿತ್ತು.

ಕಳವಾದ ಆಸ್ಪತ್ರೆಗೆ ಹೋದೆ. ಮುಂಡಪ್ಪನಿಗೆ ನನ್ನ ಗುರುತು ಸಿಗಲಿಲ್ಲ. ಕಣ್ಣು ಅರ್ಧ ತೆರೆದಿತ್ತು, ಕೈಗೆ ಸೂಜಿ, ಪಕ್ಕದಲ್ಲಿ ಬಾಟಲಿ. ಹಳದಿ ಈಗ ಹಳದಿಯಲ್ಲ, ಹಿತ್ತಾಳೆಯ ಹಳೇ ಪಾತ್ರೆಯ ಬಣ್ಣ. ಡಾಕ್ಟರು ಚಿಕ್ಕ ವಯಸ್ಸಿನವರು, ಮರಾಠಿಯವರು. ಹಿಂದಿಯಲ್ಲೇ ಮಾತಾಡಿದರು. ಪಿತ್ತದ ನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದೆ, ಅದರ ಹಿಂದೆ ಕೀವಾಗಿದೆ, ಸೋಂಕು ರಕ್ತಕ್ಕೆ ಏರುತ್ತಿದೆ. ಆದರೆ ಲಿವರಿನ ಕೆಲವು ಅಂಕಿಗಳು ಕಲ್ಲಿನ ಲೆಕ್ಕಕ್ಕೆ ಕೂಡುವುದಿಲ್ಲ. ಎಲೆಯಿಂದಲೂ ಏನಾದರೂ ಆಗಿರಬಹುದು.

"ಕೌನ್ಸಾ ಪತ್ತಾ ದಿಯಾ ಆಪ್ ನೇ? ನಾಮ್ ಬತಾಯಿಯೇ."

ಯಾವ ಎಲೆ ಕೊಟ್ಟಿರಿ, ಹೆಸರು ಹೇಳಿ ಎಂದು. ಗೊತ್ತಿಲ್ಲ ಎನ್ನಬೇಕಾಗಿತ್ತು. ಸಣ್ಣ ಮಾತು. ನಾನು ಗೋಡೆ ನೋಡಿದೆ. ಅಷ್ಟರಲ್ಲಿ ಜಲಜಾಕ್ಷಿ ಮುಂದೆ ಬಂದು, ತನಗೆ ಬರುವ ಹಿಂದಿಯಲ್ಲಿ, ಡಾಕ್ಟರೇ, ಅದು ಹೇಳಬಾರದು, ಅವರ ಮನೆಯ ನಿಯಮ, ಹೇಳಿದರೆ ಮದ್ದಿನ ಶಕ್ತಿ ಹೋಗುತ್ತದೆ, ಅವರನ್ನು ಒತ್ತಾಯ ಮಾಡಬೇಡಿ ಎಂದಳು. ನನ್ನ ಪರವಾಗಿ ಕೈ ಮುಗಿದಳು. ನನ್ನ ಪರವಾಗಿ.

ನಾನು ಹೌದೆಂದು ತಲೆಯಾಡಿಸಿದೆ.

ಡಾಕ್ಟರು ಮರಾಠಿಯಲ್ಲಿ ನರ್ಸಿಗೆ ಏನೋ ಹೇಳಿ ಹೋದರು. ಅಕ್ಷಿತ್ ನನ್ನ ಮುಖವನ್ನೇ ನೋಡುತ್ತಿದ್ದ.

ಹೊರಗೆ ಬೆಂಚಿನ ಮೇಲೆ ಜಲಜಾಕ್ಷಿ ಬಂದು ಕುಳಿತಳು, ಸೆರಗಿನಿಂದ ಬಾಯಿ ಒತ್ತಿಕೊಂಡು. ಆಮೇಲೆ ಹೇಳಿದಳು. ಎರಡನೇ ದಿನ ಅವನು ಗಂಜಿಯ ಬಟ್ಟಲು ದೂಡಿದನಂತೆ. ಹಸಿವೆ, ಆದರೆ ಇಳಿಯುವುದಿಲ್ಲ. ಮುಖ ನೋಡಲಾಗದೆ ಒಂದು ಹರಳು ಉಪ್ಪು ಹಾಕಿದಳಂತೆ.

"ಒಂದೇ ಒಂದು ಹರಳು ರಾಯರೇ. ನೀವು ಫೋನಿನಲ್ಲಿ ಕೇಳಿದಾಗ ಸುಳ್ಳು ಹೇಳಿದೆ. ವಾರಿಜಕ್ಕನ ಮದ್ದನ್ನು ನಾನು ಕೆಡಿಸಿದೆ. ಅವರು ಇದ್ದಿದ್ರೆ ನನ್ನ ಕೆನ್ನೆಗೆ ಬಾರಿಸ್ತಿದ್ರು. ಊರಿಂದ ಅತ್ತೆ ಫೋನ್ ಮಾಡಿ ಪಥ್ಯ ಸರಿ ಮಾಡಿದಿಯಾ ಅಂತ ಒಂದೇ ಸಮ ಕೇಳಿದ್ರು, ತಡೀಲಿಕ್ಕೆ ಆಗ್ಲಿಲ್ಲ, ಹೇಳಿಬಿಟ್ಟೆ. ಗಂಡನನ್ನು ತಿಂದವಳು ಅಂದ್ರು."

ಅವಳಿಗೆ ನಾನು ಹೇಳಿದ ಮಾತು ಇದು, ಅಕ್ಷರಕ್ಕೆ ಅಕ್ಷರ: "ಆಗಿಹೋದದ್ದಕ್ಕೆ ಬೇಸರ ಮಾಡಬೇಡಿ."

ಕ್ಷಮಿಸಿದವನ ಹಾಗೆ ಹೇಳಿದೆ. ಆ ಧ್ವನಿ ನನ್ನದೇ. ರೈಲಿನಲ್ಲಿ ನಿಂತುಕೊಂಡು ಬರುವಾಗ, ಪಕ್ಕದವರ ಬೆವರು, ಒದ್ದೆ ಕೊಡೆ, ಎಲ್ಲದರ ನಡುವೆ ಅದೇ ಧ್ವನಿ ಕೇಳುತ್ತಿತ್ತು.

ಜುಲೈ 24, ಬುಧವಾರ

ಊಟ ಮಾಡಲಿಲ್ಲ. ಮಾಪಣ್ಣ ಫೋನ್ ಮಾಡಿ, "ರಾಯರೇ, ವಿಷಯ ಗೊತ್ತಾಯ್ತು, ಪಥ್ಯ ಮುರಿದ್ರಂತೆ. ನಿಮ್ಮದೇನೂ ತಪ್ಪಿಲ್ಲ ಬಿಡಿ" ಎಂದ. ದಿವಾದಿಂದ ಊರಿಗೆ, ಊರಿನಿಂದ ಡೊಂಬಿವಲಿಗೆ, ಒಂದು ಹರಳು ಉಪ್ಪು ಇಷ್ಟು ಬೇಗ ತಲುಪಿತು.

ನಾನು "ಹೂಂ" ಎಂದೆ.

ಜುಲೈ 25, ಗುರುವಾರ

ಈ ಪುಸ್ತಕದಲ್ಲಿಯೂ ನಾನು ಸುಳ್ಳು ಬರೆದಿದ್ದೇನೆ. ನಿಯಮ ಎಂದರೆ ನಿಯಮ ಎಂದು ಮೊದಲ ಪುಟದಲ್ಲೇ ಬರೆದೆ. ಯಾರೂ ಓದದ ಪುಸ್ತಕದಲ್ಲಿ ಯಾರಿಗೆ ಹೆಸರು ಮುಚ್ಚಿಡುತ್ತಿದ್ದೆ? ಬರೆಯಲು ಹೆಸರೇ ಇರಲಿಲ್ಲ. ಎಲೆ ಯಾವುದೆಂದು ನನಗೆ ಗೊತ್ತಿಲ್ಲ. ಯಾವತ್ತೂ ಗೊತ್ತಿರಲಿಲ್ಲ.

ಬೆಳಿಗ್ಗೆ ಶ್ರೀಪ್ರಿಯಾಳಿಗೆ ಫೋನ್ ಮಾಡಿ ಇಷ್ಟನ್ನೂ, ಎರಡು ಡಬ್ಬದಿಂದ ಕಿತ್ತು ಕೊಟ್ಟದ್ದನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. "ಡಬ್ಬ ಎರಡನ್ನೂ ಹಾಗೆಯೇ ಎತ್ತಿಕೊಂಡು ಕಳವಾಕ್ಕೆ ಬನ್ನಿ. ನಾನು ರಜೆ ಹಾಕಿ ಬರ್ತೇನೆ," ಎಂದಳು. ಫೋನಿಡುವ ಮೊದಲು, "ನೀರು ಕುಡಿದು ಹೊರಡಿ" ಎಂದಳು. ಬೈದಿದ್ದರೆ ಸುಲಭವಿತ್ತು.

ಎರಡು ಎಣ್ಣೆ ಡಬ್ಬ ಸಂಚಿಯಲ್ಲಿಟ್ಟು ಲೋಕಲ್ ಹತ್ತಿದೆ. ಮಳೆ. ಕೆಸರು ನೀರು ಸೋರಿ ಒಬ್ಬನ ಬೂಟಿನ ಮೇಲೆ ಬಿತ್ತು. "ಕಾಕಾ, ಝಾಡಾಚಂ ತಿಕೀಟ್ ಕಾಢಲಂ ಕಾ?" ಎಂದ, ಗಿಡಕ್ಕೆ ಟಿಕೇಟು ತೆಗೆದಿದ್ದೀಯಾ ಎಂದು. ಬೋಗಿಯ ಜನರೆಲ್ಲ ನಕ್ಕರು. ಇನ್ನಷ್ಟು ನಗಲಿ ಎನಿಸಿತು.

ಡಾಕ್ಟರ ಮೇಜಿನ ಮುಂದೆ ಡಬ್ಬ ಇಟ್ಟು, ಇವೆರಡರಿಂದ ಕಿತ್ತು ಕೊಟ್ಟೆ, ಹೆಸರು ನನಗೆ ಗೊತ್ತಿಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಡಬ್ಬ ನೋಡಿದರು, ಆಮೇಲೆ ನನ್ನನ್ನು.

"ಪರಸೋಂ ಕ್ಯೂಂ ನಹೀಂ ಬೋಲೇ?"

ಮೊನ್ನೆಯೇ ಯಾಕೆ ಹೇಳಲಿಲ್ಲ. ಇಂಗ್ಲಿಷಿನಲ್ಲಿ ಉತ್ತರ ಕೊಡಲು ನೋಡಿದೆ. "ಸರ್, ಐ ವಾಸ್…" ಎಂದು ನಿಲ್ಲಿಸಿದೆ. ಮುಂದಿನ ಶಬ್ದ ಮರೆತಿರಲಿಲ್ಲ. ಬಾಯಿಗೆ ಬರಲಿಲ್ಲ.

ಶ್ರೀಪ್ರಿಯಾ ಫೋಟೋ ತೆಗೆದು ತನ್ನ ಶಾಲೆಯ ಗೆಳತಿಗೆ ಕಳಿಸಿದಳು. ಅವಳು ನವಿ ಮುಂಬಯಿಯಲ್ಲಿ ಆಯುರ್ವೇದ ಕಾಲೇಜಿನ ಟೀಚರು. ನೆಟ್ಟಗೆ ನಿಂತದ್ದು ನೆಲನೆಲ್ಲಿ. ಎಲೆಯ ಅಡಿಯಲ್ಲಿ ಸಾಸಿವೆಯಂಥ ಕಾಯಿ ಸಾಲಾಗಿ ಇರುತ್ತದೆ, ಕಿತ್ತರೆ ಹಾಲು ಬರುವುದಿಲ್ಲ. ಹರಡಿದ್ದು ಬರೀ ಕಳೆ. ಕಿತ್ತಲ್ಲಿ ಬಿಳಿ ಹಾಲು ಬರುತ್ತದೆ, ಹೊಟ್ಟೆಗೆ ಹೋದರೆ ಉರಿ, ವಾಂತಿ. ನೋಡುವವರಿಲ್ಲದ ಡಬ್ಬದಲ್ಲಿ ನಾಲ್ಕೈದು ತಿಂಗಳಲ್ಲಿ ತಾನಾಗಿ ಹುಟ್ಟಿದ್ದು. ವಾರಿಜಾ ಇದ್ದಿದ್ದರೆ ಮೊಳಕೆಯಲ್ಲೇ ಕಿತ್ತು ಎಸೆಯುತ್ತಿದ್ದಳು.

ಗೆಳತಿ ಫೋನಿನಲ್ಲಿ ಇನ್ನೂ ಒಂದು ಮಾತು ಹೇಳಿದಳು: "ಅಂಕಲ್, ಸರಿಯಾದ ಸೊಪ್ಪು ಕೊಟ್ಟಿದ್ರೂ ನಾಳದಲ್ಲಿ ಸಿಕ್ಕಿದ ಕಲ್ಲು ಅದಕ್ಕೆ ಜಾರುವುದಿಲ್ಲ. ಮೊದಲು ಸೋನೋಗ್ರಫಿ ಆಗ್ಬೇಕಿತ್ತು."

ನಾಳೆ ಬಾಯಿಯಿಂದ ನಳಿಗೆ ಇಳಿಸಿ ಕಲ್ಲು ತೆಗೆಯುತ್ತಾರೆ. ಈ ಜ್ವರದಲ್ಲಿ ಏನೂ ಹೇಳುವ ಹಾಗಿಲ್ಲವಂತೆ.

ಜಲಜಾಕ್ಷಿ ದೇವಸ್ಥಾನಕ್ಕೆ ಹೋಗಿದ್ದಳು. ಅವಳು ಬರುವ ಮೊದಲೇ ನಾನು ಹೊರಟುಬಂದೆ. ಇದನ್ನೂ ಬರೆದಿಡಬೇಕು.

ಜುಲೈ 26, ಶುಕ್ರವಾರ

ಮುಂಡಪ್ಪನನ್ನು ಒಳಗೆ ತೆಗೆದುಕೊಂಡು ಹೋದ ಮೇಲೆ ಜಲಜಾಕ್ಷಿ ಅದೇ ಬೆಂಚಿನಲ್ಲಿ ಕುಳಿತಿದ್ದಳು. ಕೈಯಲ್ಲಿ ದೇವಸ್ಥಾನದ ಪ್ರಸಾದದ ಪೊಟ್ಟಣ. ಕುಂಕುಮ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು. ನಾನು ಕೂರಲಿಲ್ಲ. ಕುಳಿತರೆ ಮತ್ತೆ ದೊಡ್ಡವನ ಹಾಗೆ ಮಾತಾಡಿಯೇನು ಎಂಬ ಹೆದರಿಕೆ.

"ಜಲಜಾಕ್ಷಿ, ಉಪ್ಪಿನಿಂದ ಅಲ್ಲ."

"ಎಂತ?"

"ಉಪ್ಪಿನಿಂದ ಏನೂ ಆದದ್ದಲ್ಲ. ಎಲೆಯೇ ಸರಿ ಇರಲಿಲ್ಲ. ನನಗೆ ಎಲೆ ಗೊತ್ತೇ ಇಲ್ಲ. ಗೊತ್ತುಂಟು ಅಂತ ಸುಳ್ಳು ಹೇಳಿದೆ. ಇದ್ದದ್ದು ಕಲ್ಲು. ಮಿಷನ್ನು ಬೇಡ ಅಂದದ್ದೂ ನಾನೇ. ವಾರಿಜಾ ಅಂಥ ಮಾತು ಯಾವತ್ತೂ ಹೇಳಿದವಳಲ್ಲ."

ಅವಳು ಬೈಯಲಿಲ್ಲ. ನನ್ನ ಮುಖವನ್ನೇ ನೋಡುತ್ತ, "ಉಪ್ಪಿನಿಂದ ಅಲ್ಲವಾ?" ಎಂದಳು.

"ಅಲ್ಲ."

"ನಾನು ಹಾಕಿದ ಉಪ್ಪಿನಿಂದ ಅಲ್ಲ?"

"ಅಲ್ಲ ಅಂದೆನಲ್ಲ."

ಅವಳು ಅತ್ತಳು. ಅಳುವುದನ್ನು ನಾನು ನೋಡಿದ್ದೇನೆ, ಇದು ಹಾಗಲ್ಲ. ತಲೆಯ ಮೇಲಿನ ಹೊರೆ ಇಳಿಸಿದವರು ಕುತ್ತಿಗೆ ಒತ್ತಿಕೊಳ್ಳುತ್ತಾರಲ್ಲ, ಹಾಗೆ. ಅವಳ ಸಮಾಧಾನವನ್ನು ನೋಡಿಕೊಂಡು ನಿಲ್ಲುವುದು ನನಗೆ ಬೈಗುಳಕ್ಕಿಂತ ಕಷ್ಟವಾಯಿತು. ಮೂರು ದಿನ ಈ ಹೊರೆಯನ್ನು ಅವಳ ತಲೆಯ ಮೇಲಿಟ್ಟು ನಾನು ಮನೆಯಲ್ಲಿ ಫ್ಯಾನಿನ ಕೆಳಗೆ ಮಲಗಿದ್ದೆ.

ಅತ್ತು ಮುಗಿಸಿ ಮುಖ ಒರೆಸಿಕೊಂಡಳು. ಆಗ ಸಿಟ್ಟು ಬಂತು.

"ಮೊನ್ನೆ ಇಲ್ಲೇ ಕುಳಿತು ಬೇಸರ ಮಾಡಬೇಡಿ ಅಂದ್ರಲ್ಲ ರಾಯರೇ. ಹೇಗೆ ಬಾಯಿ ಬಂತು ನಿಮಗೆ?"

ಪ್ರಸಾದದ ಪೊಟ್ಟಣವನ್ನು ಬೆಂಚಿನ ಮೇಲಿಟ್ಟಳು.

"ನನಗೆ ಒಬ್ಬಳಿಗೆ ಹೇಳಿದ್ರೆ ಆಗ್ಲಿಲ್ಲ. ಎಲ್ಲರ ಬಾಯಲ್ಲಿ ನಾನೇ ಪಥ್ಯ ಮುರಿದವಳು. ಹತ್ತು ಜನ ಇರುವಲ್ಲಿ ಹೇಳಿ. ಈಗ ಹೋಗಿ, ಅಕ್ಷಿತ್ ಬರುವ ಹೊತ್ತಾಯ್ತು. ಅವನಿಗೆ ಗೊತ್ತಾದ್ರೆ ಕೈ ಎತ್ತಿಯಾನು."

ಕೈ ಎತ್ತಲಿ ಎಂದು ಕಾಯುವ ಧೈರ್ಯ ಇರಲಿಲ್ಲ. ಬಂದೆ.

ಕಲ್ಲು ತೆಗೆದರಂತೆ. ಶ್ರೀಪ್ರಿಯಾ ಮೆಸೇಜ್ ಹಾಕಿದ್ದಾಳೆ.

ಜುಲೈ 30, ಮಂಗಳವಾರ

ಮುಂಡಪ್ಪನಿಗೆ ಜ್ವರ ಇಳಿದಿದೆ. ಇನ್ನೂ ಕೆಲವು ದಿನ ಅಲ್ಲಿಯೇ. ಹೋಟೆಲಿಗೆ ಬಾಗಿಲು ಹಾಕಿದ್ದಾರೆ.

ವಾರಿಜಾಳ ಡಬ್ಬದಿಂದ ಕಳೆ ಕಿತ್ತೆ. ಕೈಯೆಲ್ಲ ಹಾಲು, ಸೋಪು ಹಾಕಿದರೂ ಅಂಟು ಹೋಗಲಿಲ್ಲ.

ಆಗಸ್ಟ್ 3, ಶನಿವಾರ

ಭಜನೆಯ ನಡುವೆ ಎದ್ದು ನಿಂತೆ. ಮಾಪಣ್ಣ ಮೈಕು ಕೊಟ್ಟ, ಲಿವರಿನ ಬಗ್ಗೆ ಮಾತಾಡುತ್ತೇನೆ ಎಂದುಕೊಂಡು. ಹೇಳಿದೆ. ನನಗೆ ಮದ್ದು ಗೊತ್ತಿಲ್ಲ, ಮುಂಡಪ್ಪನಿಗೆ ಕೊಟ್ಟದ್ದು ಕಳೆ, ಜಲಜಾಕ್ಷಿಯ ಉಪ್ಪಿನಿಂದ ಏನೂ ಆದದ್ದಲ್ಲ.

ಆಮೇಲೆ ಮಾಪಣ್ಣ ಮೈಕು ತೆಗೆದುಕೊಂಡ. "ನೋಡಿ, ರಾಯರದು ಎಷ್ಟು ದೊಡ್ಡ ಮನಸ್ಸು! ಆ ಹೆಂಗಸು ಮಾಡಿದ ತಪ್ಪನ್ನು ತನ್ನ ತಲೆಗೆ ಹಾಕಿಕೊಂಡ್ರು." ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಹಿಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು.

ನಾನು ಸತ್ಯ ಹೇಳಿದರೂ ಅದು ನನ್ನ ಲೆಕ್ಕಕ್ಕೇ ಜಮೆಯಾಗುತ್ತಿದೆ, ಜಲಜಾಕ್ಷಿಗೆ ಇನ್ನೊಂದು ಕೆಟ್ಟ ಹೆಸರು. ಸುಮ್ಮನೆ ಕುಳಿತುಬಿಡಬಹುದಿತ್ತು. ಕುರ್ಚಿಯೂ ಅಲ್ಲೇ ಇತ್ತು, ಮುಂದಿನ ಸಾಲಿನದು.

"ಮಾಪಣ್ಣ, ಮೈಕು ಇಲ್ಲಿ ಕೊಡು ಮಾರಾಯ. ದೊಡ್ಡ ಮನಸ್ಸು ಅಲ್ಲ. ಸೋನೋಗ್ರಫಿ ಬೇಡ ಅಂತ ಹೇಳಿದವನು ನಾನು. ಆ ನಿಯಮ ನಾನೇ ಆ ಹೊತ್ತಿಗೆ ಹುಟ್ಟಿಸಿದ್ದು. ಇಲ್ಲಿ ಈ ಕುರ್ಚಿಯಲ್ಲಿ ಕೂರ್ಲಿಕ್ಕೆ. ಡಾಕ್ಟ್ರು ಕೇಳಿದಾಗ ಸುಮ್ಮನಿದ್ದೆ. ಆಯಮ್ಮ ಅಳುವಾಗಲೂ ಸುಮ್ಮನಿದ್ದೆ. ಮುಂಡಪ್ಪ ಬದುಕಿದ್ದು ನನ್ನ ಪುಣ್ಯದಿಂದ ಅಲ್ಲ."

ಈಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಶ್ಯಪ ಎದ್ದು ನಿಂತ.

"ಹಾಗಾದ್ರೆ ನನಗೆ ಕುಡಿಸಿದ್ದು ಎಂತ?"

"ಅದೇ. ಎರಡೂ ಕಲಸಿ."

"ಛೀ," ಎಂದ. ಚಪ್ಪಲಿ ಹಾಕಿಕೊಂಡು ಹೊರಟುಹೋದ. ಯಾರೋ ಹಿಂದಿನಿಂದ ನಕ್ಕರು, ಯಾರೋ ಶ್ಶ್ ಎಂದರು. ಮಾಪಣ್ಣ ನನ್ನ ಮುಖ ನೋಡದೆ ಮುಂದಿನ ಹಾಡು ಎತ್ತಿದ. ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದೆ. ಯಾರೂ ಕೈ ಹಿಡಿಯಲಿಲ್ಲ. ಹಿಡಿಯಬೇಕೆಂದೂ ಇರಲಿಲ್ಲ.

ಆಗಸ್ಟ್ 4, ಭಾನುವಾರ

ಬೆಳಿಗ್ಗೆ ಜಲಜಾಕ್ಷಿಯ ಫೋನು.

"ಕೇಳಿದೆ," ಎಂದಳು. ಅಷ್ಟೇ. ಹಿಂದೆ ಬಾಟಲಿಗಳ ಸದ್ದು, ಮುಂಡಪ್ಪ ಯಾರಿಗೋ ಇದು ಚಹಾವಾ ಎಂದು ಗೊಣಗುತ್ತಿದ್ದ. ನಾನು ಕಾದೆ.

"ಊರಿನ ಅತ್ತೆಗೆ ಇದು ಯಾರೂ ಹೇಳ್ಲಿಲ್ಲ. ನಾನು ಹೇಳಿದ್ರೆ ನಂಬುದಿಲ್ಲ. ನಂಬರ್ ಹೇಳ್ತೇನೆ, ಬರ್ಕೊಳ್ಳಿ. ಕಿವಿ ಮಂದ ಅವರಿಗೆ. ಗಟ್ಟಿಯಾಗಿ ಹೇಳ್ಬೇಕು."

ಬರೆದುಕೊಂಡೆ. ಸ್ನಾನ ಮಾಡಿದೆ. ಕಿಟಕಿ ಮುಚ್ಚೋಣವೆಂದು ಎದ್ದೆ, ಭಾನುವಾರ, ಬಿಲ್ಡಿಂಗಿನವರೆಲ್ಲ ಮನೆಯಲ್ಲೇ. ಮುಚ್ಚಿದರೆ ರೇಂಜು ಸಿಗುವುದಿಲ್ಲ. ತೆರೆದೇ ಇಟ್ಟು ಗ್ರಿಲ್ಲಿನ ಹತ್ತಿರ ನಿಂತು ಫೋನ್ ಮಾಡಿದೆ.

"ಏರ್? ಏರ್ ಪಾತೆರುನಿ?" ಯಾರು, ಯಾರು ಮಾತಾಡುವುದು ಎಂದು ಮುದುಕಿ ತುಳುವಿನಲ್ಲಿ ಕೂಗಿದಳು. ನಾನೂ ತುಳುವಿನಲ್ಲೇ ಕೂಗಿ ಹೇಳಿದೆ, ಡೊಂಬಿವಲಿಯ ವಾರಿಜಾಳ ಗಂಡ ಎಂದು. ಮದ್ದು ಸುಳ್ಳು ಎಂದು. ಎಲೆ ಗೊತ್ತಿಲ್ಲದೆ ಕೊಟ್ಟೆ ಎಂದು. ಉಪ್ಪಿನಿಂದ ಅಲ್ಲ, ನನ್ನಿಂದ ಎಂದು. ಮೂರು ಸಲ ಹೇಳಬೇಕಾಯಿತು, ಪ್ರತಿ ಸಲ ಹಿಂದಿನದಕ್ಕಿಂತ ಜೋರಾಗಿ. ಎದುರು ಬಿಲ್ಡಿಂಗಿನ ಬಾಲ್ಕನಿಗೆ ಇಬ್ಬರು ಬಂದು ನಿಂತರು. ಕೆಳಗೆ ವಾಚ್‌ಮನ್ ಕತ್ತೆತ್ತಿ ನೋಡಿದ.

ಕೊನೆಗೆ ಅವಳಿಗೆ ಕೇಳಿಸಿತು. ನನಗೆ ಶಾಪ ಹಾಕುತ್ತಾಳೆ ಎಂದು ಕಣ್ಣು ಮುಚ್ಚಿಕೊಂಡು ನಿಂತಿದ್ದೆ.

"ಆ ಹೆಣ್ಣಿಗೆ ನಾನು ಬಾಯಿಗೆ ಬಂದ ಹಾಗೆ ಹೇಳಿಬಿಟ್ಟೆನಲ್ಲ," ಎಂದಳು. ಈಗ ಅವಳ ಧ್ವನಿ ಸಣ್ಣದಾಗಿತ್ತು. "ಈಗ ಎಂತ ಮುಖ ಇಟ್ಟುಕೊಂಡು ಅವಳ ಹತ್ರ ಮಾತಾಡುವುದು?"

ಕೇಳಿದ್ದು ನನ್ನನ್ನೇ. ಏನಾದರೂ ಸಮಾಧಾನದ ಮಾತು ಹೇಳುತ್ತೇನೆಂದು ಕಾಯುತ್ತಿದ್ದಳು.

ಗೊತ್ತಿಲ್ಲ ಅಮ್ಮ ಎಂದೆ. ಅವಳಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ, ಗಟ್ಟಿಯಾಗಿ.